ಎಡಿಟ್ ಮಾಡಿದ ವಿಡಿಯೋವನ್ನು ಶೂಟಿಂಗ್ ಕಾರ್ಡಿಗೆ ತುಂಬಬೇಡಿ: ಒಂದು ಸನ್ಮಾನದ ಫುಟೇಜ್ ಹೋದದ್ದು ಹೀಗೆ

ಮುಂಬೈಯಲ್ಲಿ ಸಂಘದ ವಾರ್ಷಿಕೋತ್ಸವ, ಯಕ್ಷಗಾನ, ಮದುವೆಗಳ ವಿಡಿಯೋ ಮಾಡುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಪೂರ್ವ ಉಪನಗರದ ಒಂದು ಸಭಾಗೃಹದಲ್ಲಿ ಕನ್ನಡ ಸಂಘವೊಂದರ ಕಾರ್ಯಕ್ರಮ. ಬೆಳಿಗ್ಗೆ ಹಿರಿಯ ಭಾಗವತರಿಗೆ ಸನ್ಮಾನ, ಆಮೇಲೆ ಮಕ್ಕಳ ಕುಣಿತ. ಒಟ್ಟು 2 ಗಂಟೆ 20 ನಿಮಿಷದ ಶೂಟಿಂಗ್, 50 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 50 ಮೆಗಾಬಿಟ್), ಅಂದರೆ 64 ಜಿಬಿ ಕಾರ್ಡಿನಲ್ಲಿ ಸುಮಾರು 52 ಜಿಬಿ. ಸಂಜೆ ನಾಟಕಕ್ಕೆ ಮುಂಚೆ ಸಂಘದ ಹಳೆಯ ಯಕ್ಷಗಾನ ಆಟಗಳ 42 ನಿಮಿಷದ ಎಡಿಟ್ ಮಾಡಿದ ವಿಡಿಯೋವನ್ನು ಪ್ರೊಜೆಕ್ಟರಿನಲ್ಲಿ ತೋರಿಸಬೇಕಿತ್ತು. ಲ್ಯಾಪ್‌ಟಾಪಿನಲ್ಲಿ ಎಚ್‌ಡಿಎಂಐ ಕಿಂಡಿ ಇಲ್ಲ, ಅಡಾಪ್ಟರ್ ಯಾರೂ ತಂದಿಲ್ಲ. ಆಗ ಯಾರೋ ಹೇಳಿದರು, "ಕ್ಯಾಮೆರಾಕ್ಕೆ ಎಚ್‌ಡಿಎಂಐ ಉಂಟಲ್ಲ ಮಾರಾಯ್ರೆ, ಕಾರ್ಡಿಗೆ ಹಾಕಿ, ಅದರಲ್ಲೇ ಪ್ಲೇ ಮಾಡುವ."

ಹಾಳಾದದ್ದು ಅಲ್ಲಿಂದ. ಫೈಲನ್ನು ಬೆಳಗಿನ ಫುಟೇಜ್ ಇದ್ದ ಅದೇ ಕಾರ್ಡಿನ ಕ್ಲಿಪ್ ಫೋಲ್ಡರಿಗೆ ಕಾಪಿ ಮಾಡಿದರು. ಕ್ಯಾಮೆರಾದಲ್ಲಿ ಕಾಣಲಿಲ್ಲ. ಉಳಿದ ಕ್ಲಿಪ್‌ಗಳಂತೆ ಸಿ0047 ಎಂದು ಹೆಸರು ಬದಲಿಸಿದರು. ಈಗ ಪರದೆಯ ಮೇಲೆ ಇಮೇಜ್ ಡೇಟಾಬೇಸ್ (ಕ್ಲಿಪ್‌ಗಳ ಪಟ್ಟಿ) ದೋಷ, ಸರಿಪಡಿಸಲೇ ಎಂಬ ಪ್ರಶ್ನೆ. ಒತ್ತಿದರು, ಆದರೂ ಕಾಣಲಿಲ್ಲ. ಎಕ್ಸ್‌ಪೋರ್ಟ್ ಮಾಡುವಾಗ ಸೆಕೆಂಡಿಗೆ 30 ಫ್ರೇಮ್ ಇಟ್ಟಿದ್ದು ಆಗ ನೆನಪಾಯಿತು. ಕ್ಯಾಮೆರಾ ಪಾಲ್‌ನಲ್ಲಿದೆ (ಸೆಕೆಂಡಿಗೆ 25 ಇಲ್ಲವೇ 50 ಫ್ರೇಮಿನ ಪದ್ಧತಿ), ಎನ್‌ಟಿಎಸ್‌ಸಿ (30 ಇಲ್ಲವೇ 60 ಫ್ರೇಮಿನದು) ಮಾಡಿದರೆ ಸರಿಹೋದೀತು ಎಂದು ಮೆನುವಿನಲ್ಲಿ ಬದಲಿಸಿದರು. ಕ್ಯಾಮೆರಾ ಮತ್ತೆ ಆನ್ ಆದಾಗ ಕಾರ್ಡನ್ನು ಫಾರ್ಮ್ಯಾಟ್ ಮಾಡಬೇಕು ಎಂಬ ಸಂದೇಶ ಬಂತು. ಸಭೆಯಲ್ಲಿ ಜನ ಕೂತಿದ್ದಾರೆ, ಮೈಕಿನಲ್ಲಿ ನಿರೂಪಕರು ಎರಡನೇ ಸಲ "ಇನ್ನೊಂದೇ ನಿಮಿಷ" ಅಂದಿದ್ದಾರೆ. ಅಷ್ಟು ಹೊತ್ತಿಗೆ ನಾಲ್ಕು ಸಲ ಒಕೆ ಒತ್ತಿದ್ದ ಬೆರಳು ಐದನೆಯ ಸಲವೂ ಒತ್ತಿತು.

ಪೆನ್ ಡ್ರೈವಿಗೆ ಹಾಕಿದಂತೆ ಕಾರ್ಡಿಗೂ ಹಾಕಬಹುದು ಅನ್ನುವುದು ತುಂಬಾ ಜನರಲ್ಲಿರುವ ತಪ್ಪು ತಿಳಿವಳಿಕೆ. ಮಿನಿ ಡಿವಿ ಟೇಪಿನ ಕಾಲದಲ್ಲಿ ಕೆಲಸ ಮಾಡಿದವರಿಗೆ ಇದು ಸಹಜವೂ ಹೌದು. ಆಗ ಫೈರ್‌ವೈರ್ ಕೇಬಲ್ ಹಾಕಿ ಎಡಿಟ್ ಆದದ್ದನ್ನು ಟೇಪಿಗೆ ವಾಪಸ್ ಬರೆದರೆ ಕ್ಯಾಮೆರಾ ಅದನ್ನು ತನ್ನದೇ ರೆಕಾರ್ಡಿಂಗ್‌ನಂತೆ ತೋರಿಸುತ್ತಿತ್ತು. ಕಾರ್ಡಿನ ಲೆಕ್ಕ ಬೇರೆ. ಕ್ಯಾಮೆರಾ ಕಾರ್ಡಿನಲ್ಲಿರುವ ಎಲ್ಲ ಫೈಲನ್ನೂ ಹುಡುಕಿ ತೋರಿಸುವುದಿಲ್ಲ, ತಾನು ಬರೆದಿಟ್ಟ ಪಟ್ಟಿಯನ್ನು ನೋಡಿ ತೋರಿಸುತ್ತದೆ. ಸೋನಿ ಕ್ಯಾಮೆರಾಗಳ ಎಕ್ಸ್‌ಎವಿಸಿ ಎಸ್ ಬಗೆಯ ವಿಡಿಯೋ ಪ್ರೈವೇಟ್ ಫೋಲ್ಡರಿನೊಳಗೆ ಎಂ4ರೂಟ್, ಅದರೊಳಗೆ ಕ್ಲಿಪ್ ಎಂಬಲ್ಲಿ ಕೂರುತ್ತದೆ. ಪ್ರತಿ ಎಂಪಿ4 ಜೊತೆ ಒಂದು ಎಕ್ಸ್‌ಎಂಎಲ್ ಫೈಲ್ ಇರುತ್ತದೆ, ಇಡೀ ಕಾರ್ಡಿಗೆ ಪ್ರತ್ಯೇಕ ಡೇಟಾಬೇಸ್ ಇರುತ್ತದೆ. ಸೋನಿ, ಪ್ಯಾನಸೋನಿಕ್‌ಗಳ ಹಳೆಯ ಬಗೆಯಾದ ಎವಿಸಿಎಚ್‌ಡಿಯಲ್ಲಿ ಇನ್ನೂ ಬಿಗಿ: ಸ್ಟ್ರೀಮ್, ಪ್ಲೇಲಿಸ್ಟ್, ಕ್ಲಿಪ್‌ಇನ್ಫ್ ಎಂಬ ಮೂರು ಫೋಲ್ಡರ್‌ಗಳೂ ಒಂದಕ್ಕೊಂದು ತಾಳೆಯಾಗಬೇಕು. ಡಿಸಿಐಎಂ ಫೋಲ್ಡರ್ ಬಳಸುವ ಕ್ಯಾಮೆರಾಗಳು ಸ್ವಲ್ಪ ಸಡಿಲ. ಹೆಸರಿನ ನಿಯಮ (ನಾಲ್ಕು ಅಕ್ಷರ, ನಾಲ್ಕು ಅಂಕಿ) ಪಾಲಿಸಿದರೆ ಫೈಲ್ ಪಟ್ಟಿಯಲ್ಲಿ ಬರಬಹುದು, ಆದರೆ ಒತ್ತಿದರೆ "ಪ್ಲೇ ಮಾಡಲಾಗುವುದಿಲ್ಲ" ಅನ್ನುವುದೇ ಹೆಚ್ಚು.

ಹೆಸರು ಸರಿ ಇದ್ದರೂ ಯಾಕೆ ಆಡುವುದಿಲ್ಲ? ಕ್ಯಾಮೆರಾದೊಳಗಿನ ಪ್ಲೇಯರನ್ನು ಆ ಕ್ಯಾಮೆರಾ ತಾನೇ ಬರೆಯುವ ಬಗೆಯ ವಿಡಿಯೋಗಾಗಿಯೇ ಮಾಡಿರುತ್ತಾರೆ. ಫ್ರೇಮ್ ರೇಟ್, ಪ್ರೊಫೈಲ್, ಆಡಿಯೋದ ಬಗೆ, ಫೈಲಿನೊಳಗಿನ ಗುರುತು, ಯಾವುದು ಬೇರೆಯಾದರೂ ನಿರಾಕರಿಸಬಹುದು. ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್‌ನಲ್ಲಿ ವಿಡಿಯೋದ ಬಗೆ ಎಚ್.264 ಎಂದು ಆರಿಸಿದ ಮಾತ್ರಕ್ಕೆ ಅದು ಕ್ಯಾಮೆರಾದ ಎಚ್.264 ಆಗುವುದಿಲ್ಲ.

ಡೇಟಾಬೇಸ್ ಸರಿಪಡಿಸಲೇ ಎಂಬ ಪ್ರಶ್ನೆಗೆ ಹೌದು ಅಂದರೆ ಸಾಮಾನ್ಯವಾಗಿ ಫುಟೇಜ್ ಅಳಿಯುವುದಿಲ್ಲ, ಪಟ್ಟಿ ಹೊಸದಾಗುತ್ತದೆ ಅಷ್ಟೆ. ನಿಜವಾದ ಅಪಾಯ ಪಾಲ್–ಎನ್‌ಟಿಎಸ್‌ಸಿ ಬದಲಾವಣೆಯಲ್ಲಿದೆ. ಸೋನಿಯ ಹಲವು ಕ್ಯಾಮೆರಾಗಳು ಒಂದು ಪದ್ಧತಿಯಲ್ಲಿ ಫಾರ್ಮ್ಯಾಟ್ ಆದ ಕಾರ್ಡನ್ನು ಇನ್ನೊಂದರಲ್ಲಿ ಹಾಕಿದರೆ ಮತ್ತೆ ಫಾರ್ಮ್ಯಾಟ್ ಮಾಡಿ ಎನ್ನುತ್ತವೆ. ಆ ಸಂದೇಶ ಕಂಡರೆ ಏನನ್ನೂ ಒತ್ತಬೇಡಿ. ಕ್ಯಾಮೆರಾ ಆಫ್ ಮಾಡಿ, ಕಾರ್ಡ್ ತೆಗೆಯಿರಿ, ಖಾಲಿ ಸ್ಲಾಟಿನಲ್ಲೇ ಆನ್ ಮಾಡಿ ಮೆನುವನ್ನು ಮೊದಲಿದ್ದ ಪದ್ಧತಿಗೆ ತನ್ನಿ. ಅಷ್ಟು ಮಾಡಿದ್ದರೆ ಸನ್ಮಾನ ಉಳಿಯುತ್ತಿತ್ತು.

ಹಾಗಾದರೆ ಕಾರ್ಡಿಗೆ ಬರೆಯುವ ದಾರಿಯೇ ಇಲ್ಲವೇ? ಇದೆ, ಎವಿಸಿಎಚ್‌ಡಿಗೆ. ಎಡಿಯಸ್ ಎಂಬ ಎಡಿಟಿಂಗ್ ಸಾಫ್ಟ್‌ವೇರಿನ ಹಲವು ಆವೃತ್ತಿಗಳಲ್ಲಿ ಎವಿಸಿಎಚ್‌ಡಿ ರೈಟರ್ ಇದೆ, ಪ್ಯಾನಸೋನಿಕ್ ಕ್ಯಾಮ್‌ಕಾರ್ಡರ್ ಜೊತೆ ಬರುತ್ತಿದ್ದ ಎಚ್‌ಡಿ ರೈಟರ್ ಇದೆ. ಇವು ಆ ಮೂರು ಫೋಲ್ಡರ್‌ಗಳನ್ನೂ ತಾವೇ ಕಟ್ಟುತ್ತವೆ. ಬಿಟ್ ರೇಟ್ 24 ಎಂಬಿಪಿಎಸ್ ದಾಟಬಾರದು, ಸೆಕೆಂಡಿಗೆ 50 ಪೂರ್ತಿ ಫ್ರೇಮಿನ ಪ್ರೊಗ್ರೆಸಿವ್ ಆದರೆ 28. ಇಷ್ಟಾದರೂ ಬೇರೆ ಖಾಲಿ ಕಾರ್ಡ್ ಬೇಕೇ ಬೇಕು, ಅದನ್ನು ಅದೇ ಕ್ಯಾಮೆರಾದಲ್ಲಿ ಫಾರ್ಮ್ಯಾಟ್ ಮಾಡಿರಬೇಕು, ಬರೆದಾದ ಮೇಲೆ ಕಾರ್ಡಿನ ಬದಿಯ ಲಾಕ್ ಗುಂಡಿಯನ್ನು ಕೆಳಗೆ ಸರಿಸಿರಬೇಕು. ಆಗಲೂ ತೊಂದರೆ ತಪ್ಪಿದ್ದಲ್ಲ. ಕ್ಯಾಮೆರಾದಿಂದ ಎಚ್‌ಡಿಎಂಐ ಹಾಕಿದರೆ ಧ್ವನಿ ಹೋಗುವುದು ಪ್ರೊಜೆಕ್ಟರಿಗೆ, ಸಭಾಗೃಹದ ಮಿಕ್ಸರಿಗೆ ಅಲ್ಲ. ಚಂಡೆ ಮದ್ದಳೆ ಮೇಲೆ ತೂಗಿದ ಪ್ರೊಜೆಕ್ಟರಿನಿಂದ ಸಣ್ಣ ಡಬ್ಬಿಯಲ್ಲಿ ಬಡಿದಂತೆ ಕೇಳಿಸುತ್ತದೆ. ಯಕ್ಷಗಾನದ ವಿಡಿಯೋಕ್ಕೆ ಅದು ಅನ್ಯಾಯ.

ಆದ್ದರಿಂದ ಲ್ಯಾಪ್‌ಟಾಪ್ ಇಲ್ಲವೇ ಪೆನ್ ಡ್ರೈವ್ ಬಳಸಿ. ಎಕ್ಸ್‌ಪೋರ್ಟ್ ಹೀಗಿರಲಿ: ಎಂಪಿ4, ಎಚ್.264 ಹೈ ಪ್ರೊಫೈಲ್ ಲೆವೆಲ್ 4.0, 1920 × 1080, ಸೆಕೆಂಡಿಗೆ 25 ಫ್ರೇಮ್, ಪ್ರೊಗ್ರೆಸಿವ್, 8 ಬಿಟ್ 4:2:0, ಬಿಟ್ ರೇಟ್ 12ರಿಂದ 16 ಎಂಬಿಪಿಎಸ್, ಆಡಿಯೋ ಎಎಸಿ 48 ಕಿಲೋಹರ್ಟ್ಸ್ ಸ್ಟೀರಿಯೋ. 10 ಬಿಟ್ 4:2:2 ಕೊಟ್ಟರೆ ಟಿವಿ, ಪ್ರೊಜೆಕ್ಟರುಗಳಲ್ಲಿ ಚಿತ್ರವೇ ಬಾರದೆ ಧ್ವನಿ ಮಾತ್ರ ಬಂದೀತು. 16 ಎಂಬಿಪಿಎಸ್‌ನಲ್ಲಿ 42 ನಿಮಿಷಕ್ಕೆ 5 ಜಿಬಿ ಆಗುತ್ತದೆ. ಎಫ್‌ಎಟಿ32 ಎಂಬ ಹಳೆಯ ಪದ್ಧತಿಯಲ್ಲಿ ಫಾರ್ಮ್ಯಾಟ್ ಆದ ಡ್ರೈವ್ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯುವುದಿಲ್ಲ, ಅಂದರೆ 35 ನಿಮಿಷಕ್ಕೇ ಮುಗಿಯಿತು. ದೊಡ್ಡ ಫೈಲ್ ಹಿಡಿಯುವ ಎಕ್ಸ್‌ಫ್ಯಾಟ್ ಪದ್ಧತಿಯ ಡ್ರೈವನ್ನು ಪ್ರೊಜೆಕ್ಟರ್ ಓದುತ್ತದೆಯೋ ಎಂದು ಮೊದಲೇ ನೋಡಿ, ಓದದಿದ್ದರೆ 10 ಎಂಬಿಪಿಎಸ್‌ಗೆ ಇಳಿಸಿ. 3 ಜಿಬಿ ಚಿಲ್ಲರೆಯಲ್ಲಿ ಮುಗಿಯುತ್ತದೆ. ಮ್ಯಾಕ್‌ನಿಂದ ಕಾಪಿ ಮಾಡಿದಾಗ ಚುಕ್ಕಿಯಿಂದ ಶುರುವಾಗುವ ಅದೇ ಹೆಸರಿನ ಪುಟ್ಟ ಫೈಲೊಂದು ಡ್ರೈವಿನಲ್ಲಿ ಕೂರುತ್ತದೆ. ಟಿವಿಯಲ್ಲಿ ಆಡದ ಫೈಲ್ ಎಂದು ಮೊದಲು ಕಾಣುವುದು ಅದೇ, ಗಾಬರಿ ಬೇಡ, ಅದರ ಮುಂದಿನದನ್ನು ಒತ್ತಿ.

ಅಡಾಪ್ಟರ್ ಕೊಳ್ಳುವ ಮುಂಚೆ ಒಂದು ಮಾತು. ಯುಎಸ್‌ಬಿ ಸಿ ಕಿಂಡಿ ಇದ್ದ ಮಾತ್ರಕ್ಕೆ ಚಿತ್ರ ಹೊರಬರುವುದಿಲ್ಲ, ಅದಕ್ಕೆ ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್ (ಆ ಕಿಂಡಿಯಿಂದ ಚಿತ್ರ ಕಳಿಸುವ ವ್ಯವಸ್ಥೆ) ಇರಬೇಕು. ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಲ್ಯಾಮಿಂಗ್ಟನ್ ರೋಡಿಗೆ ಹೋಗುವಾಗ ಲ್ಯಾಪ್‌ಟಾಪ್ ಜೊತೆಗೇ ಒಯ್ದು ಅಂಗಡಿಯ ಮಾನಿಟರಿಗೆ ಹಾಕಿ ನೋಡಿ. ಧ್ವನಿಗೆ ಲ್ಯಾಪ್‌ಟಾಪಿನ 3.5 ಎಂಎಂ ಕಿಂಡಿಯಿಂದ ಮಿಕ್ಸರಿಗೆ ಬೇರೆ ಕೇಬಲ್ ಎಳೆಯಿರಿ.

ಫಾರ್ಮ್ಯಾಟ್ ಆಗಿಯೇ ಹೋದರೆ? ಮಾಮೂಲಿ ಫಾರ್ಮ್ಯಾಟ್ ವಿಳಾಸದ ಪಟ್ಟಿಯನ್ನು ಮಾತ್ರ ಒರೆಸುತ್ತದೆ, ವಿಡಿಯೋ ಕಾರ್ಡಿನಲ್ಲೇ ಇರುತ್ತದೆ. ಇಡೀ ಕಾರ್ಡನ್ನೇ ಒರೆಸುವ ಲೋ ಲೆವೆಲ್ ಫಾರ್ಮ್ಯಾಟ್ ಆಗಿದ್ದರೆ ಆ ಆಸೆ ಬಿಡಬೇಕು. ಕಾರ್ಡ್ ತಕ್ಷಣ ತೆಗೆದು ಲಾಕ್ ಮಾಡಿ, ಅದರ ಮೇಲೆ ಒಂದು ಫೋಟೋ ಕೂಡ ತೆಗೆಯಬೇಡಿ. ಮೊದಲು ಇಡೀ ಕಾರ್ಡಿನ ಇಮೇಜ್ (ಯಥಾವತ್ ನಕಲಿನ ಒಂದು ಫೈಲ್) ಕಂಪ್ಯೂಟರಿಗೆ ಇಳಿಸಿ, ಅಳಿದ ಫೈಲ್ ಹುಡುಕುವ ಫೋಟೋರೆಕ್‌ನಂಥ ಉಪಕರಣವನ್ನು ಆ ಇಮೇಜಿನ ಮೇಲೆ ಓಡಿಸಿ, ಕಾರ್ಡಿನ ಮೇಲಲ್ಲ. ಎಂಪಿ4 ಸಿಕ್ಕಿಯೂ ಆಡದಿದ್ದರೆ ಅದರ ಸೂಚಿ ಭಾಗ ಕಳೆದಿರುತ್ತದೆ. ಅದೇ ಕ್ಯಾಮೆರಾದಲ್ಲಿ ಅದೇ ಸೆಟ್ಟಿಂಗ್‌ನಲ್ಲಿ ಬೇರೆ ಕಾರ್ಡಿಗೆ ತೆಗೆದ ಒಂದು ಚೆನ್ನಾದ ಕ್ಲಿಪ್ ಮಾದರಿಯಾಗಿ ಕೊಟ್ಟರೆ ಅನ್‌ಟ್ರಂಕ್ ಎಂಬ ಉಪಕರಣ ಅದನ್ನು ಮತ್ತೆ ಕಟ್ಟಬಲ್ಲದು.

ಆ ಸಂಜೆ ಇದು ಯಾರಿಗೂ ಹೊಳೆಯಲಿಲ್ಲ. ಬೇರೆ ಕಾರ್ಡ್ ಇರಲಿಲ್ಲವೆಂದು ಅದೇ ಕಾರ್ಡಿನಲ್ಲಿ ನಾಟಕದ ಒಂದು ಗಂಟೆ ತೆಗೆದರು, ಸುಮಾರು 22 ಜಿಬಿ. ಹೊಸದಾಗಿ ಫಾರ್ಮ್ಯಾಟ್ ಆದ ಕಾರ್ಡ್ ಮೊದಲಿನಿಂದ ತುಂಬುತ್ತಾ ಹೋಗುತ್ತದೆ. ಬೆಳಗಿನ ಮೊದಲ ಗಂಟೆ ಇದ್ದದ್ದು ಅಲ್ಲೇ. ಮಕ್ಕಳ ಕುಣಿತ ಬಹುಪಾಲು ವಾಪಸ್ ಬಂತು. ಭಾಗವತರಿಗೆ ಶಾಲು ಹೊದೆಸಿದ್ದು, ಆಮೇಲೆ ಅವರು ಜಾಗಟೆ ಹಿಡಿದು ಹಾಡಿದ ಒಂದು ಪದ, ಎರಡೂ ಬರಲಿಲ್ಲ.