ಹಬ್‌ಕ್ಯಾಪ್ ಹಾರದಿರಲು: ಕ್ಲಿಪ್ಪೋ, ಸಿಲಿಕೋನೋ, ಟೈಯೋ?

ಮುಂಬೈನ ಮಾಟುಂಗಾದಿಂದ ಹೊರಟ ನನ್ನ ಹಳೆ ಪ್ರೀಮಿಯರ್ ಪದ್ಮಿನಿ ಕಾರು ಕುರ್ಲಾದ ಗುಂಡಿಯೊಂದರಲ್ಲಿ ಹಬ್‌ಕ್ಯಾಪ್ (ಚಕ್ರದ ನಡುವಿನ ಮುಚ್ಚಳ) ಕಳೆದುಕೊಂಡಿತು. ಹುಟ್ಟಿದೂರಲ್ಲೇ! ಅದು ತಯಾರಾಗಿದ್ದು ಕುರ್ಲಾದಲ್ಲೇ ಅಲ್ವಾ.

ಮೊದಲು ಕ್ಲಿಪ್ ನೋಡಿ. ಹಳೆ ಕಾರುಗಳಲ್ಲಿ ಸಾಮಾನ್ಯವಾಗಿ ವೀಲ್‌ನ ಕ್ಲಿಪ್ ಅಥವಾ ಉಬ್ಬು ಕ್ಯಾಪಿನ ಅಂಚನ್ನು ಕಚ್ಚಿ ಹಿಡಿಯುತ್ತದೆ. ತುಕ್ಕು ಉಜ್ಜಿ ತೆಗೆದು, ಕ್ಲಿಪ್ಪನ್ನು ಕೂದಲೆಳೆಯಷ್ಟು ಹೊರಕ್ಕೆ ಬಗ್ಗಿಸಿ. ಜಾಸ್ತಿ ಬಗ್ಗಿಸಿದರೆ ಮುರಿಯುತ್ತದೆ. ಕ್ಯಾಪ್ ಕೂರಿಸಲು ರಬ್ಬರ್ ಸುತ್ತಿಗೆ ಸಾಕು, ಕಬ್ಬಿಣದ್ದು ಬೇಡ. ಖರ್ಚಿಲ್ಲ, ಕಣ್ಣಿಗೂ ಕಾಣಿಸದು. ನನ್ನ ಓಟು ಇದಕ್ಕೇ.

ಕ್ಲಿಪ್ಪೇ ಸವೆದಿದ್ದರೆ ಸಿಲಿಕೋನ್ ಅಂಟು. ಅಂಚಿಗೆ ಮೂರ್ನಾಲ್ಕು ಚುಕ್ಕಿ ಹಚ್ಚಿ, ಒಂದು ದಿನ ಒಣಗಲು ಬಿಡಿ. ಮುಂಬೈ ಮಳೆಗೂ ಜಗ್ಗದು. ಆದರೆ ವಿನೆಗರ್ ವಾಸನೆಯ ಸಿಲಿಕೋನ್ ಲೋಹಕ್ಕೆ ತುಕ್ಕು ಹಿಡಿಸುತ್ತದೆ, ನ್ಯೂಟ್ರಲ್ ಕ್ಯೂರ್ ಎಂದು ಬರೆದಿದ್ದನ್ನೇ ಕೇಳಿ ತನ್ನಿ. ಪಂಕ್ಚರ್ ಆದ ದಿನ ಅದನ್ನು ಕೀಳುವ ಪಾಡು ಮಾತ್ರ ಬೇಡಪ್ಪಾ.

ಕೇಬಲ್ ಟೈ, ಅಂದ್ರೆ ಎಳೆದು ಬಿಗಿಯುವ ಪ್ಲಾಸ್ಟಿಕ್ ಪಟ್ಟಿ? ತೂತುಗಳಿರುವ ಪ್ಲಾಸ್ಟಿಕ್ ಕವರಿಗೆ ಸರಿ. ಒರಿಜಿನಲ್ ಸ್ಟೀಲ್ ಕ್ಯಾಪಿಗೆ ಸುಮ್ನೆ ತೂತು ಕೊರೆಯಬೇಡಿ. ಚೂಪಾದ ಅಂಚು ಟೈಯನ್ನೇ ಕತ್ತರಿಸುತ್ತದೆ.