‘ನಾಳೆನೇ ಮೀನು ಬಿಡಿ ಸರ್’ ಅಂದರೆ ನಂಬಬೇಡಿ

ಮನೆಯಲ್ಲಿ ಸಮುದ್ರದ ಮೀನು ಸಾಕಬೇಕು ಎಂದು ಹೊರಟವರು ಇದನ್ನೊಮ್ಮೆ ಓದಿ. ಬೆಂಗಳೂರಿನ ನಮ್ಮ ಫ್ಲ್ಯಾಟಿನಲ್ಲಿ ರೀಫ್ ಟ್ಯಾಂಕ್, ಅಂದರೆ ಹವಳ, ಸಮುದ್ರದ ಮೀನು ಸಾಕುವ ಉಪ್ಪುನೀರಿನ ಗಾಜಿನ ತೊಟ್ಟಿ ಇಟ್ಟು, ಒಂದೇ ತಿಂಗಳಲ್ಲಿ ಐದು ಮೀನು, ಆರು ಬಸವನಹುಳು, ಒಂದು ಸಿಗಡಿಯನ್ನು ಕೊಂದವನು ನಾನು. ಖರ್ಚಿನ ಲೆಕ್ಕವನ್ನು ಹೆಂಡತಿಗೂ ಪೂರ್ತಿ ಹೇಳಿಲ್ಲ.

ಟ್ಯಾಂಕ್ ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ. ಸುಮಾರು 190 ಲೀಟರ್ ನೀರು. ಶನಿವಾರ ನೀರು ತುಂಬಿ ಉಪ್ಪು ಕಲಸಿದೆ. ಅಂಗಡಿಯವನು ಒಂದು ಬ್ಯಾಕ್ಟೀರಿಯಾ ಬಾಟಲಿ ಕೊಟ್ಟು, "ಇದನ್ನ ಹಾಕಿ, ನಾಳೆನೇ ಮೀನು ಬಿಡಿ ಸರ್, ಏನೂ ಆಗಲ್ಲ" ಅಂದ. ನನಗೂ ಅದೇ ಮಾತು ಬೇಕಾಗಿತ್ತು, ಸುಳ್ಳು ಯಾಕೆ ಹೇಳಲಿ? ಖಾಲಿ ಟ್ಯಾಂಕ್ ನೋಡಿಕೊಂಡು ಕೂರುವ ತಾಳ್ಮೆ ಯಾರಿಗಿದೆ? ಎರಡು ಕ್ಲೌನ್ ಮೀನು, ನಾಲ್ಕು ನೀಲಿ ಡ್ಯಾಮ್ಸೆಲ್ ತಂದು ಬಿಟ್ಟೆ. ಗಾಜು ಸ್ವಚ್ಛ ಮಾಡುತ್ತವೆ ಎಂದು ಬಸವನಹುಳು, ಜೊತೆಗೊಂದು ಸಿಗಡಿ.

ಐದನೇ ದಿನ ಬೆಳಿಗ್ಗೆ ಎಲ್ಲ ಮೀನೂ ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಟೆಸ್ಟ್ ಕಿಟ್ ತರಿಸಿ ಅಮೋನಿಯಾ ನೋಡಿದೆ. ಅಮೋನಿಯಾ ಇಲ್ಲದಿದ್ದರೆ ಹಳದಿಯಾಗಿರಬೇಕಿದ್ದ ಟೆಸ್ಟಿನ ನೀರು ಕೊತ್ತಂಬರಿ ಚಟ್ನಿ ಬಣ್ಣಕ್ಕೆ ತಿರುಗಿತ್ತು. ಸಂಜೆಯೊಳಗೆ ಮೂರು ಡ್ಯಾಮ್ಸೆಲ್ ಹೋದವು.

ಆಮೇಲೆ ಓದಿ ತಿಳಿದಿದ್ದು ಇಷ್ಟು. ಮೀನಿನ ಹೊಲಸು, ಮಿಕ್ಕ ತಿಂಡಿ ಎಲ್ಲ ಅಮೋನಿಯಾ ಆಗುತ್ತದೆ. ಕಲ್ಲು, ಮರಳಿನ ಮೇಲೆ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆಯದು ಆ ನೈಟ್ರೈಟನ್ನು ಅಷ್ಟೇನೂ ವಿಷವಲ್ಲದ ನೈಟ್ರೇಟ್ ಮಾಡುತ್ತದೆ. ಇವು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಸಮುದ್ರದ ನೀರಿನ ಪಿಎಚ್ 8.2ರ ಆಸುಪಾಸು ಇರುವುದರಿಂದ ಅಮೋನಿಯಾದ ವಿಷ ಸಿಹಿನೀರಿಗಿಂತ ಜಾಸ್ತಿ. ಗಪ್ಪಿಯಂಥ ಸಿಹಿನೀರಿನ ಮೀನು ಸಾಕಿದ ಧೈರ್ಯ ಇಲ್ಲಿ ನಡೆಯುವುದಿಲ್ಲ. ಬಾಟಲಿ ಬ್ಯಾಕ್ಟೀರಿಯಾ ಪೂರ್ತಿ ಮೋಸ ಅಂತಲೂ ಅಲ್ಲ, ಒಳ್ಳೆಯದಾದರೆ ಕೆಲಸ ಬೇಗ ಆಗುತ್ತದೆ. ಆದರೆ ನನ್ನ ಬಾಟಲಿ ಅಂಗಡಿಯಲ್ಲಿ ಬಿಸಿ ಲೈಟಿನ ಪಕ್ಕದಲ್ಲೇ ಕೂತಿತ್ತು. ತಾರೀಖು ನೋಡುವ ಬುದ್ಧಿಯೂ ನನಗೆ ಆಗ ಬರಲಿಲ್ಲ.

ಉಳಿದ ಮೂರು ಮೀನುಗಳ ಮೈಮೇಲೆ ಎರಡನೇ ವಾರ ರವೆ ಉದುರಿಸಿದಂತೆ ಬಿಳಿ ಚುಕ್ಕೆ ಎದ್ದವು. ಅಂಗಡಿಗೆ ಓಡಿದೆ. ನೀಲಿ ಔಷಧ ಕೊಟ್ಟ. "ಟ್ಯಾಂಕಿಗೇ ಹಾಕಿ ಸರ್."

ನಮ್ಮಮ್ಮ ಕುಮಟಾ ಕಡೆಯ ಅಡಿಕೆ ತೋಟದ ಮನೆಯವರು. ಬಾಟಲಿ ಎತ್ತಿ ಬೆಳಕಿಗೆ ಹಿಡಿದು, "ಇದು ಮೈಲುತುತ್ತದ ಬಣ್ಣ ಅಲ್ವೇನೋ?" ಅಂದರು. ಕೊಳೆ ರೋಗಕ್ಕೆ ಸುಣ್ಣ ಬೆರೆಸಿ ಹೊಡೆಯುವ ಮೈಲುತುತ್ತ. ನಾನು ನಕ್ಕುಬಿಟ್ಟೆ. ಅಮ್ಮ ಹೇಳಿದ್ದೇ ಸರಿ, ಅದು ತಾಮ್ರದ ಔಷಧ. ಮೀನು ಅದನ್ನು ಒಂದು ಮಟ್ಟದವರೆಗೆ ತಡೆದುಕೊಳ್ಳುತ್ತದೆ. ಬಸವನಹುಳು, ಸಿಗಡಿ, ಹವಳ ತಡೆದುಕೊಳ್ಳುವುದಿಲ್ಲ. ಮಾರನೇ ದಿನ ಬಸವನಹುಳುಗಳು ಗಾಜಿನಿಂದ ಒಂದೊಂದೇ ಕಳಚಿ ಬಿದ್ದು, ಪಾದ ಹೊರಗೆ ಜೋತುಬಿಟ್ಟು ಮರಳಿನ ಮೇಲೆ ಅಂಗಾತ ಬಿದ್ದಿದ್ದವು. ಸಿಗಡಿ ಪಂಪಿನ ಬಾಯಿಗೆ ಅಂಟಿಕೊಂಡಿತ್ತು. ಕಲ್ಲು, ಮರಳು ತಾಮ್ರವನ್ನು ಹೀರಿಕೊಂಡು ಆಮೇಲೆ ಸ್ವಲ್ಪ ಸ್ವಲ್ಪವೇ ಬಿಡುತ್ತವಂತೆ. ಹಾಗಾಗಿ ಅಷ್ಟೂ ಕಲ್ಲು ದಂಡ.

ಮಾಡಬೇಕಿದ್ದುದೇ ಬೇರೆ. ಆ ಚುಕ್ಕೆಗಳೊಳಗಿನ ಪರೋಪಜೀವಿ ಉದುರಿ ಮರಳಿನಲ್ಲಿ ಕೂತು, ಮರಿ ಮಾಡಿ, ಮತ್ತೆ ಮೀನನ್ನು ಹುಡುಕಿಕೊಂಡು ಬರುತ್ತದೆ. ಮೀನುಗಳನ್ನೆಲ್ಲ ಬೇರೆ ತೊಟ್ಟಿಗೆ ಹಾಕಿ ಅಲ್ಲೇ ಔಷಧ ಕೊಡಬೇಕು. ದೊಡ್ಡ ಟ್ಯಾಂಕನ್ನು ಸುಮಾರು ಎರಡೂವರೆ ತಿಂಗಳು ಮೀನಿಲ್ಲದೆ ಬಿಡಬೇಕು. ಅದಕ್ಕಿಂತ, ಹೊಸ ಮೀನು ತಂದಾಗಲೇ ಕೆಲವು ವಾರ ಬೇರೆ ಇಟ್ಟು ನೋಡಿದರೆ ಈ ಗೋಳೇ ಇರುವುದಿಲ್ಲ.

ಇನ್ನೆರಡು ಕಡೆ ಎಡವಿದ್ದೇನೆ. ಉಪ್ಪಿನ ಅಳತೆಗೆ ಅಂಗಡಿಯವನು ಮುಳ್ಳು ಮೇಲೆದ್ದು ತೋರಿಸುವ ಪ್ಲಾಸ್ಟಿಕ್ ಹೈಡ್ರೋಮೀಟರ್ ಕೊಟ್ಟಿದ್ದ. ಮುಳ್ಳಿಗೆ ಗಾಳಿಗುಳ್ಳೆ ಅಂಟಿದರೆ ಇಲ್ಲದ ಉಪ್ಪನ್ನು ಇದೆ ಎನ್ನುತ್ತದೆ. ನೀರಿನ ಸಾಂದ್ರತೆ ಸಮುದ್ರದಷ್ಟೇ, 1.025 ಇದೆ ಎಂದು ನಂಬಿಕೊಂಡಿದ್ದೆ, ಬೆಳಕು ಬಾಗುವುದನ್ನು ನೋಡಿ ಉಪ್ಪು ಅಳೆಯುವ ಗೆಳೆಯನ ರಿಫ್ರಾಕ್ಟೋಮೀಟರಿನಲ್ಲಿ 1.019 ಬಂತು. ಎರಡನೆಯದು ನೀರು. ಕುಡಿಯುವ ಆರ್‌ಓ ಮಷೀನಿನ ನೀರೇ ಸಾಕು ಅಂದಿದ್ದ. ಮನೆಯ ಮಷೀನುಗಳಲ್ಲಿ ರುಚಿಗಾಗಿ ಸ್ವಲ್ಪ ಸೋಸದ ನೀರನ್ನು ವಾಪಸ್ ಬೆರೆಸುವ ಟಿಡಿಎಸ್ (ನೀರಲ್ಲಿ ಕರಗಿದ ಲವಣಗಳ ಅಳತೆ) ತಿರುಪು ಇರುತ್ತದೆ. ನಮ್ಮದರಲ್ಲಿ 80 ತೋರಿಸಿತು. ರೀಫ್ ಟ್ಯಾಂಕಿಗೆ ಸೊನ್ನೆಯ ಹತ್ತಿರ ಇರಬೇಕು. ಆವಿಯಾದಷ್ಟಕ್ಕೂ ಅಂಥ ಸಿಹಿನೀರನ್ನೇ ಹಾಕಬೇಕು, ಉಪ್ಪುನೀರನ್ನಲ್ಲ. ಉಪ್ಪು ಆವಿಯಾಗುವುದಿಲ್ಲ ಅಲ್ವಾ.

ಹವಳದ ವಿಷಯದಲ್ಲಿ ನಾನು ಮೋಸ ಹೋಗಲಿಲ್ಲ, ಹೋಗುವುದರಲ್ಲಿದ್ದೆ. ಪ್ಲಾಸ್ಟಿಕ್ ಕವರಿನಲ್ಲಿ ಕೊಂಬೆ ಕೊಂಬೆಯಾಗಿದ್ದ ಒಂದು ತುಂಡು ತೋರಿಸಿ, "ನಮ್ಮ ಸಮುದ್ರದ್ದೇ ಸರ್, ಅಗ್ಗ" ಅಂದಿದ್ದ. ಅಗ್ಗ ಯಾಕೆ ಎಂದರೆ ಅದು ಕಳ್ಳಮಾಲು. ನಮ್ಮ ದೇಶದ ಸಮುದ್ರದಿಂದ ಹವಳ ಕಿತ್ತು ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಬಂಡೆ ಕಟ್ಟುವ ಹವಳಗಳು ಹುಲಿ, ಆನೆಗಳಂತೆಯೇ ಮೊದಲನೇ ಶೆಡ್ಯೂಲಿನಲ್ಲಿವೆ. ಹೊರದೇಶದಿಂದ ತಂದದ್ದಾದರೆ ಅದಕ್ಕೆ ಪರವಾನಗಿ ಪತ್ರ ಇರಲೇಬೇಕು.

ಉಳಿದ ಒಂದು ಕ್ಲೌನ್ ಮೀನು ಈಗ ಬಾಲ್ಕನಿ ಪಕ್ಕದ ಪ್ಲಾಸ್ಟಿಕ್ ತೊಟ್ಟಿಯಲ್ಲಿದೆ. ದೊಡ್ಡ ಟ್ಯಾಂಕಿನಲ್ಲಿ ಹೊಸ ಕಲ್ಲು, ಹೊಸ ನೀರು, ಮಾರ್ಕೆಟ್ಟಿಂದ ತಂದ ಒಂದು ಹಸಿ ಸಿಗಡಿ. ಅದು ಕೊಳೆತು ಅಮೋನಿಯಾ ಕೊಡಲಿ ಎಂದು ಬಿಟ್ಟಿದ್ದೇನೆ. "ಸಾರಿಗಾದರೂ ಆಗುತ್ತಿತ್ತು" ಎಂದು ಅಮ್ಮ ದಿನಾ ಗೊಣಗುತ್ತಾರೆ. ಮೂರು ವಾರ ಆಯಿತು. ಅಮೋನಿಯಾ ಸೊನ್ನೆಗೆ ಬಂದಿದೆ, ನೈಟ್ರೈಟ್ ಇನ್ನೂ ಇಳಿದಿಲ್ಲ.

ಮೊನ್ನೆ ಅಂಗಡಿಯವನು ವಾಟ್ಸಾಪಿನಲ್ಲಿ ಫೋಟೋ ಕಳಿಸಿದ್ದ. "ಹೊಸ ಸ್ಟಾಕ್ ಬಂದಿದೆ ಸರ್." ಅದೇ ಕೊಂಬೆ ಕೊಂಬೆ ಹವಳ. ಪೇಪರ್ ಕಳಿಸಿ ಎಂದು ಬರೆದೆ. ಎರಡು ನೀಲಿ ಗೆರೆ ಬಿದ್ದವು. ಉತ್ತರ ಇನ್ನೂ ಬಂದಿಲ್ಲ.