ಏಪ್ರಿಲ್‌ನಲ್ಲಿ ಹೆಬ್ಬಾತು ತೋರಿಸ್ತೀವಿ ಅಂದರೆ ನಂಬಬೇಡಿ

ನಿನ್ನೆ ರಾತ್ರಿ, ಹಕ್ಕಿ ನೋಡುವ ಪ್ರವಾಸದ ಅದೇ ಪೋಸ್ಟರ್ ನನ್ನ ವಾಟ್ಸಾಪ್‌ಗೆ ಮತ್ತೆ ಬಂತು. ಅದೇ ನೀಲಿ ಬಣ್ಣ, ಅದೇ ಹೆಬ್ಬಾತಿನ ಫೋಟೋ, ಅದೇ ‘ಸೈಟಿಂಗ್ ಗ್ಯಾರಂಟಿ’. ತಾರೀಕು ಮಾತ್ರ ಬೇರೆ. ಈ ಸಲ ಮೇ ಕೊನೆಯ ವಾರ. ಚಳಿಗಾಲದ ಹಕ್ಕಿ ಹೆಬ್ಬಾತು, ಮೇ ಕೊನೆಗೆ! ಕಳಿಸಿದವನು ಬೇರೆ ಯಾರೂ ಅಲ್ಲ, ನನ್ನ ಭಾವಮೈದ. ‘ಭಾವ, ನೀವೂ ನಿಮ್ಮ ತಂದೇನೂ ಹೋಗಿದ್ದು ಇವರ ಜೊತೆನೇ ಅಲ್ವಾ? ಚೆನ್ನಾಗಿತ್ತು ಅಂದ್ರಲ್ಲ, ಅದಕ್ಕೇ ಮಕ್ಕಳಿಗೂ ಸೇರಿಸಿ ಅಡ್ವಾನ್ಸ್ ಹಾಕೋಣ ಅಂತಿದೀನಿ.’

ಹೌದು, ಚೆನ್ನಾಗಿತ್ತು ಅಂದಿದ್ದೆ. ಕೇಳಿದವರಿಗೆಲ್ಲ ಹಾಗೇ ಅಂದಿದ್ದೆ. 23,000 ರೂಪಾಯಿ ಕೊಟ್ಟು ಮೂರು ದಿನ ಮಂಗ ಆಗಿ ಬಂದೆ ಅಂತ ಯಾವ ಬಾಯಲ್ಲಿ ಹೇಳಿಕೊಳ್ಳೋದು? ಈಗ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನ ಮಂಗ ನನ್ನ ಮನೆಯವನೇ ಆಗುತ್ತಾನೆ.

ಪೋಸ್ಟರ್‌ನಲ್ಲಿ ಇದ್ದದ್ದು ಇಷ್ಟು. ಮೂರು ದಿನ, ಎರಡು ರಾತ್ರಿ. ಮೊದಲ ದಿನ ಕೊಕ್ಕರೆ ಬೆಳ್ಳೂರು, ಆಮೇಲೆ ರಂಗನತಿಟ್ಟಿನಲ್ಲಿ ಫೋಟೋ ತೆಗೆಯುವವರ ವಿಶೇಷ ದೋಣಿ, ಸಂಜೆ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಯಲ್ಲಿ ಪಟ್ಟೆತಲೆ ಹೆಬ್ಬಾತು. ರಾತ್ರಿ ಕಾಡಿನೊಳಗೆ ವಾಸ. ಎರಡನೇ ದಿನ ಬಿಳಿಗಿರಿರಂಗನ ಬೆಟ್ಟದಲ್ಲಿ ‘ಪ್ರೈವೇಟ್ ಜಂಗಲ್ ಸಫಾರಿ’. ಮೂರನೇ ದಿನ ಬೆಳಗ್ಗೆ ಹಕ್ಕಿ ನಡಿಗೆ. ಜೊತೆಗೊಬ್ಬ ‘ಅನುಭವಿ ನ್ಯಾಚುರಲಿಸ್ಟ್’. ತಲೆಗೆ 11,500. ಅರ್ಧ ಅಡ್ವಾನ್ಸ್, ಉಳಿದದ್ದು ಗಾಡಿ ಹತ್ತುವ ಮುಂಚೆ. ಎಲ್ಲರೂ ಹೀಗೇ ತಗೋತಾರೆ, ಅನುಮಾನ ಬರಲಿಲ್ಲ.

ನಾನು ಹಕ್ಕಿ ನೋಡುವವನಲ್ಲ. ಹೋಗಿದ್ದು ಅಪ್ಪನಿಗಾಗಿ. ಮೇಷ್ಟ್ರಾಗಿದ್ದವರು, ಈಗ 74. ಹಿಮಾಲಯ ದಾಟಿ ಬರುವ ಈ ಬಾತುಗಳ ಕಥೆ ನಾನು ಚಿಕ್ಕವನಿದ್ದಾಗಿಂದ ಕೇಳಿದ್ದೇನೆ. ಮಂಗೋಲಿಯಾ, ಟಿಬೆಟ್ ಕಡೆ ಮರಿ ಮಾಡುತ್ತವೆ, ಚಳಿಗಾಲಕ್ಕೆ ಮೈಸೂರು ಸುತ್ತಿನ ಕೆರೆಗಳಿಗೆ ಬರುತ್ತವೆ, ಹಗಲು ನೀರಲ್ಲಿ ಕೂತು ರಾತ್ರಿ ಗದ್ದೆಗಳಲ್ಲಿ ಮೇಯುತ್ತವೆ ಅಂತ. ಅಷ್ಟೆಲ್ಲ ಹೇಳಿದವರು ಒಂದು ಸಲವೂ ಕಣ್ಣಾರೆ ನೋಡಿರಲಿಲ್ಲ. ಏಪ್ರಿಲ್‌ನಲ್ಲಿ ರಜೆ ಸಿಕ್ಕಿತು, ಪೋಸ್ಟರ್ ಕಂಡಿತು, ಬುಕ್ ಮಾಡಿದೆ. ‘ಚಳಿಗಾಲಕ್ಕೆ’ ಅನ್ನೋದು ನನ್ನ ತಲೆಗೇ ಹೋಗಿರಲಿಲ್ಲ ನೋಡಿ.

ಅಪ್ಪ ಕೇಳಿದ್ದರು. ‘ಈಗ ಇರ್ತವೇನೋ?’ ಅಂತ. ಆರ್ಗನೈಸರ್‌ಗೆ ಫೋನ್ ಮಾಡಿದೆ. ‘ಲಾಸ್ಟ್ ವೀಕ್ ಕೂಡ 200 ಇದ್ದವು ಸರ್. ಈ ವರ್ಷ ಕೆರೆಯಲ್ಲಿ ನೀರು ಜಾಸ್ತಿ, ಲೇಟಾಗಿ ಹೋಗ್ತವೆ’ ಅಂದ. ಎಷ್ಟು ಸಲೀಸಾಗಿ ಅಂದ ಅಂದರೆ, ಅದನ್ನೇ ನಾನು ಅಪ್ಪನಿಗೆ ಪಾಠ ಹೇಳಿದೆ. ಅಪ್ಪನಿಗೇ!

ಮೊದಲ ದಿನ ಬೆಳಗ್ಗೆ ಐದಕ್ಕೆ ಟಿಟಿ, ಅಂದರೆ ಟೆಂಪೋ ಟ್ರಾವೆಲರ್, ಬಂತು. ನಾವು ಒಂಬತ್ತು ಜನ. ‘ಅನುಭವಿ ನ್ಯಾಚುರಲಿಸ್ಟ್’ ಅಂದರೆ ಇಪ್ಪತ್ತೆರಡು ವರ್ಷದ ಒಬ್ಬ ಹುಡುಗ. ಅವನ ಕೈಯಲ್ಲಿ ಬೈನಾಕ್ಯುಲರ್ ಇಲ್ಲ, ಪುಸ್ತಕ ಇಲ್ಲ, ಪೆನ್ನು ಕೂಡ ಇಲ್ಲ. ‘ಕಣ್ಣೇ ಸಾಕು ಸರ್’ ಅಂದ. ಹುಡುಗನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ, ಅವನಿಗೂ ಎಷ್ಟು ಕೊಡುತ್ತಿದ್ದರೋ ಏನೋ. ಕೊಕ್ಕರೆ ಬೆಳ್ಳೂರಿಗೆ ಹೆದ್ದಾರಿಯಿಂದ ಒಳಗೆ ಹೋಗಬೇಕು. ‘ಟೈಮಾಗುತ್ತೆ, ವಾಪಸ್ ಬರ್ತಾ ನೋಡೋಣ’ ಅಂತ ನೇರ ಹೊಡೆದರು. ವಾಪಸ್ ಬರ್ತಾ ಕತ್ತಲಾಗಿತ್ತು. ಊರಿನ ಮರಗಳ ಮೇಲೆ ಹೆಜ್ಜಾರ್ಲೆ (ಪೆಲಿಕನ್) ಮರಿಗಳು ತುಂಬಿರುವ ಕಾಲ ಅದು. ಅಲ್ಲಿಗೆ ಒಂದು ಹೋಯಿತು.

ರಂಗನತಿಟ್ಟು ಮಾತ್ರ ಮೋಸ ಮಾಡಲಿಲ್ಲ. ಅದನ್ನು ಹಾಳು ಮಾಡೋಕೆ ಇವರ ಕೈಲಿ ಆಗಲಿಲ್ಲ, ಅಷ್ಟೆ. ವಿಶೇಷ ದೋಣಿ ಬುಕ್ ಆಗಿಯೇ ಇರಲಿಲ್ಲ. ಭಾನುವಾರದ ಜಾತ್ರೆಯಲ್ಲಿ ನಿಂತು, ಸಾಮಾನ್ಯ ದೋಣಿಯ ಟಿಕೆಟ್ ನಾವೇ ತಗೊಂಡೆವು. ಕ್ಯಾಮೆರಾ ಶುಲ್ಕವೂ ನಮ್ಮದೇ. ಆದರೆ ದೋಣಿ ನಡೆಸುವವರು ಎಂಥ ಜನ ಅಂತೀರಿ! ಹುಟ್ಟು ಹಾಕುತ್ತಲೇ ಬಣ್ಣದ ಕೊಕ್ಕರೆ, ಬಾಯ್ಕಳಕ, ಚಮಚಕೊಕ್ಕು, ಬಂಡೆ ಮೇಲೆ ಮೊಟ್ಟೆಗೆ ಕೂತ ರಿವರ್ ಟರ್ನ್, ಪಕ್ಕದ ಬಂಡೆಯಲ್ಲಿ ಬಾಯಿ ತೆರೆದು ಮಲಗಿದ ಮೊಸಳೆ, ಒಂದೂ ಬಿಡದೆ ತೋರಿಸಿದರು. 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿ ಹೇಳಿದ್ದಕ್ಕೆ ಈ ಜಾಗ ಪಕ್ಷಿಧಾಮ ಆಯಿತು ಅಂತ ಅಪ್ಪ ಪಕ್ಕದವರಿಗೆ ವಿವರಿಸುತ್ತಿದ್ದರು. ಆ ಕೆಲಸಕ್ಕೆ ದುಡ್ಡು ತಗೊಂಡವನು ಗಾಡಿಯಲ್ಲಿ ಮಲಗಿದ್ದ.

ಈಗ ಕೆರೆಗೆ ಬರುತ್ತೇನೆ.

ಸಂಜೆ ನಾಲ್ಕೂವರೆ. ಏರಿ ಮೇಲೆ ನಿಂತಿದ್ದೇವೆ. ಕೆರೆಯ ನಡುವೆ, ದೂರದಲ್ಲಿ, ಮೂವತ್ತು ನಲವತ್ತು ಕಂದು ಚುಕ್ಕೆಗಳು. ಹುಡುಗ ಕೈ ತೋರಿಸಿ ಘೋಷಿಸಿದ, ‘ಅದೇ ಸರ್, ಬಾರ್ ಹೆಡೆಡ್ ಗೂಸ್!’ ಎಲ್ಲರೂ ಕ್ಯಾಮೆರಾ ಎತ್ತಿದರು. ಚಪ್ಪಾಳೆ ಕೂಡ ಬಿತ್ತು. ನಾನು ಅಪ್ಪನ ಮುಖ ನೋಡಿದೆ. ಅಪ್ಪ ಬೈನಾಕ್ಯುಲರ್ ಹಿಡಿದು ತುಂಬಾ ಹೊತ್ತು ನೋಡಿದರು. ‘ತಲೆ ಬೆಳ್ಳಗಿರಬೇಕಲ್ಲೋ. ಹಿಂದೆ ಎರಡು ಕಪ್ಪು ಪಟ್ಟೆ ಇರಬೇಕು. ಕಾಣ್ತಿಲ್ಲ’ ಅಂದರು. ಹುಡುಗ, ‘ಬಿಸಿಲು ಎದುರಿಗಿದೆ ಸರ್, ಪಟ್ಟೆ ಕಾಣಲ್ಲ’ ಅಂದ. ಅಪ್ಪ ಮತ್ತೆ ನೋಡಿದರು. ‘ಇಷ್ಟು ಸಣ್ಣ ಇರಲ್ಲ ಕಣೋ’ ಅಂದರು.

ಆಗ ನಾನು ಹೇಳಿದೆ, ‘ಅಪ್ಪಾ, ನಿಮ್ಮ ಕಣ್ಣು ಮಂಜಾಗಿದೆ. ಅವರಿಗೆ ಗೊತ್ತಿರಲ್ವಾ?’

ಅಪ್ಪ ಸುಮ್ಮನಾದರು. ‘ಇರಬಹುದು’ ಅಂದು ಬೈನಾಕ್ಯುಲರ್ ನನ್ನ ಕೈಗೆ ಕೊಟ್ಟರು.

ತೆಪ್ಪ ದಡಕ್ಕೆ ಎಳೆದು ಬಲೆ ಬಿಡಿಸುತ್ತಿದ್ದ ಒಬ್ಬರು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. ತಲೆ ಕೂಡ ಎತ್ತದೆ ಅಂದರು, ‘ಅವು ವರಟೆ ಕಣಾ ಸಾ. ವರ್ಸಪೂರ್ತಿ ಇಲ್ಲೇ ಇರ್ತವೆ. ಹೆಬ್ಬಾತು ಶಿವರಾತ್ರಿ ಕಳೀತಿದ್ದಂಗೆ ಒಂಟೋದ್ವು.’

ನಾನು ಬೈನಾಕ್ಯುಲರ್ ಕಣ್ಣಿಗಿಟ್ಟೆ. ಹತ್ತಿರ ಈಜಿ ಬಂದಿದ್ದ ಒಂದರ ಕೊಕ್ಕು ಸ್ಪಷ್ಟವಾಗಿ ಕಂಡಿತು. ಕಪ್ಪು ಕೊಕ್ಕು, ತುದಿ ಮಾತ್ರ ಅರಿಸಿನ ಅದ್ದಿದ ಹಾಗೆ ಹಳದಿ. ವರಟೆ ಬಾತು. ನಮ್ಮ ಊರಿನ ಕೆರೆಯಲ್ಲೂ ಇದೆ ಅದು. ಹುಡುಗ ಆಗಲೇ ಏರಿ ಇಳಿದು ‘ಬನ್ನಿ ಬನ್ನಿ, ಲೇಟಾಯ್ತು’ ಅನ್ನುತ್ತಿದ್ದ. ಗಾಡಿಯಲ್ಲಿ ಯಾರೂ ಮಾತಾಡಲಿಲ್ಲ. ನಾನಂತೂ ಅಪ್ಪನ ಕಡೆ ತಿರುಗಲೇ ಇಲ್ಲ.

ಕಾಡಿನೊಳಗೆ ವಾಸ ಅಂದದ್ದು, ಬೆಟ್ಟ ಇನ್ನೂ ಅರ್ಧ ಗಂಟೆ ದೂರ ಇರುವಾಗಲೇ ರಸ್ತೆ ಬದಿಯ ಒಂದು ಲಾಡ್ಜ್. ಅದರ ಬಗ್ಗೆ ಬರೆಯೋಕೂ ಬೇಜಾರು. ಸರಿಯಾದ ಗೈಡ್ ಆದರೆ ರಾತ್ರಿ ಊಟದ ಹೊತ್ತಿಗೆ ಎಲ್ಲರನ್ನೂ ಕೂರಿಸಿಕೊಂಡು ಆವತ್ತು ಕಂಡ ಹಕ್ಕಿಗಳ ಪಟ್ಟಿ ಮಾಡಿಸುತ್ತಾನಂತೆ. ನಮ್ಮವನು ಕ್ರಿಕೆಟ್ ನೋಡುತ್ತಿದ್ದ.

ಎರಡನೇ ದಿನ ‘ಪ್ರೈವೇಟ್ ಸಫಾರಿ’. ಯಳಂದೂರು ಕಡೆಯ ಚೆಕ್‌ಪೋಸ್ಟ್ ದಾಟಿದ ಮೇಲೆ ಹುಡುಗ ಗಾಡಿ ನಿಧಾನ ಮಾಡಿಸಿ ಪಿಸುಗುಟ್ಟಿದ, ‘ಇಲ್ಲಿಂದ ಯಾರೂ ಮಾತಾಡಬೇಡಿ. ಸಫಾರಿ ಶುರು.’ ಒಂಬತ್ತು ಜನ ಉಸಿರು ಬಿಗಿಹಿಡಿದು ಕೂತೆವು. ಹುಲಿ ಸಂರಕ್ಷಿತ ಪ್ರದೇಶ ಅಲ್ವಾ, ಒಂದೊಂದು ಪೊದೆಯನ್ನೂ ನೋಡುತ್ತಿದ್ದೇವೆ. ಐದು ನಿಮಿಷ ಆಗಿರಬೇಕು. ಹಿಂದಿನಿಂದ ಪೋಂ ಅಂತ ಹಾರ್ನ್. ಕೆಂಪು ಬಸ್! ಬೋರ್ಡಿನಲ್ಲಿ ‘ಬಿಳಿಗಿರಿರಂಗನ ಬೆಟ್ಟ’. ಡ್ರೈವರ್ ‘ಸೈಡಿಗೆ ಹಾಕ್ರೀ’ ಅಂತ ಕೈ ಬೀಸಿ ಮುಂದೆ ಹೋದ. ಕಿಟಕಿ ಪಕ್ಕದ ಅಜ್ಜಿಯೊಬ್ಬರು ಹಣ್ಣುಕಾಯಿ ಚೀಲ ತೊಡೆ ಮೇಲೆ ಇಟ್ಟುಕೊಂಡು ನಮ್ಮನ್ನೇ ನೋಡುತ್ತಾ ಹೋದರು. ನಾವು ಇದ್ದದ್ದು ದೇವಸ್ಥಾನಕ್ಕೆ ಹೋಗುವ ಟಾರ್ ರಸ್ತೆ. ಆ ಅಜ್ಜಿ ಅದಕ್ಕೆ ಕೊಟ್ಟದ್ದು ಬಸ್ ಚಾರ್ಜು!

ನಿಜವಾದ ಸಫಾರಿ ಇರೋದು ಅದೇ ಬೆಟ್ಟದ ಕೆ. ಗುಡಿಯಲ್ಲಿ. ಅರಣ್ಯ ಇಲಾಖೆಯದು, ಅಲ್ಲಿಯ ಸರ್ಕಾರಿ ಜಂಗಲ್ ಲಾಡ್ಜಸ್‌ನದು. ಅವರ ಗಾಡಿ, ಅವರ ಟಿಕೆಟ್. ಸಫಾರಿ ದಾರಿಗೆ ನಿಮ್ಮ ಟಿಟಿ ಬಿಡೋದೇ ಇಲ್ಲ. ಇದು ಗೊತ್ತಿರೋರಿಗೆ ಗೊತ್ತು. ನನಗೆ ಬಸ್ ಬಂದು ಹಾರ್ನ್ ಹೊಡೆಯಬೇಕಾಯಿತು.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಬೆಟ್ಟ ಹತ್ತಿರ ಬಂದಾಗ ಹುಡುಗ ಗಾಡಿ ನಿಲ್ಲಿಸಿ ನಮ್ಮನ್ನು ರಸ್ತೆ ಬದಿ ಇಳಿಸಿದ. ಫೋನಿಗೆ ಒಂದು ಸ್ಪೀಕರ್ ಸಿಕ್ಕಿಸಿ ಮಲಬಾರ್ ಟ್ರೋಗನ್ ಹಕ್ಕಿಯ ಕೂಗು ಹಾಕಿದ. ಒಂದು ಸಲ, ಎರಡು ಸಲ, ಹತ್ತು ಸಲ. ಹಕ್ಕಿ ಬರಲಿಲ್ಲ. ಕೂಗು ಮುಗಿದು, ಆ ಕಾಡಿನ ನಡುವೆ, ದೊಡ್ಡದಾಗಿ ಒಂದು ಸೋಪಿನ ಜಾಹೀರಾತು ಬಂತು. ಯೂಟ್ಯೂಬ್‌ನಿಂದ ಹಾಕುತ್ತಿದ್ದ ಪುಣ್ಯಾತ್ಮ! ಆ ಸದ್ದಿಗೆ ಬಂದದ್ದು ಬೈಕಿನಲ್ಲಿ ಅರಣ್ಯ ಇಲಾಖೆಯ ಒಬ್ಬ ವಾಚರ್.

‘ಮರಿ ಮಾಡೋ ಟೈಮು ಸಾರ್ ಇದು. ಕೂಗು ಕೇಳಿದ್ರೆ ಗಂಡು ಗೂಡು ಬಿಟ್ಟು ಜಗಳಕ್ಕೆ ಬತ್ತದೆ. ಓದಿರೋ ಜನ ನೀವು’ ಅಂದರು. ಹುಡುಗ ತಕ್ಷಣ ನಮ್ಮ ಕಡೆ ಕೈ ತೋರಿಸಿ, ‘ಕಸ್ಟಮರ್ ಕೇಳಿದ್ರು ಸಾರ್’ ಅಂದ. ನಾವು ಕೇಳಿದ್ದೆವಾ? ಯಾರು ಕೇಳಿದ್ದರು? ಕಾಡು ರಸ್ತೆಯಲ್ಲಿ ಗಾಡಿಯಿಂದ ಇಳಿದದ್ದಕ್ಕೆ ದಂಡ ಬಿತ್ತು. ಎಲ್ಲರೂ ಚಂದಾ ಎತ್ತಿ ಕಟ್ಟಿದೆವು. ಮನೆಗೆ ಬಂದ ಮೇಲೆ ಓದಿದೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹಕ್ಕಿ ಗೂಡಿಗೆ, ಮೊಟ್ಟೆಗೆ ತೊಂದರೆ ಕೊಡೋದೂ ‘ಬೇಟೆ’ಯ ಲೆಕ್ಕವೇ. ದುಡ್ಡು ಕೊಟ್ಟು ಆ ಸಾಲಿನ ಪಕ್ಕ ಹೋಗಿ ನಿಂತು ಬಂದಿದ್ದೇನೆ.

ಮೂರನೇ ದಿನದ ಹಕ್ಕಿ ನಡಿಗೆ ಇಲ್ಲ. ಹುಡುಗ ರಾತ್ರಿಯೇ ಮಾಯ. ದೇವಸ್ಥಾನಕ್ಕೆ ಹೋಗಿ ಕೈಮುಗಿದು, ಡ್ರೈವರ್ ಏಳುವವರೆಗೆ ಕಾದು, ಹೊರಟೆವು.

ಆಮೇಲಿನದು ಕೇಳಿ. ಆರ್ಗನೈಸರ್‌ಗೆ ಮೆಸೇಜ್ ಮಾಡಿದೆ. ಅವನ ಉತ್ತರಗಳು ನನಗೆ ಬಾಯಿಪಾಠ ಆಗಿಬಿಟ್ಟಿವೆ.

ಹೆಬ್ಬಾತು ಎಲ್ಲಿ ಅಂದೆ. ‘ಪ್ರಕೃತಿ ನಮ್ಮ ಕೈಲಿಲ್ಲ ಸರ್. ಹಕ್ಕಿಗೆ ರೆಕ್ಕೆ ಇದೆ, ಕಟ್ಟಿಹಾಕೋಕಾಗುತ್ತಾ?’ ಕೊನೆಗೊಂದು ನಗುವ ಮುಖ. ಹಕ್ಕಿ ನಿಮ್ಮ ಕೈಲಿಲ್ಲ, ಕ್ಯಾಲೆಂಡರ್ ಇತ್ತಲ್ಲ ಅಂದೆ. 200 ಇವೆ ಅಂದ್ರಲ್ಲ ಅಂದೆ. ‘ನಾನು ಹಾಗೆ ಹೇಳೇ ಇಲ್ಲ ಸರ್.’ ಫೋನಲ್ಲಿ ಹೇಳಿದ್ದು, ನನ್ನ ಹತ್ತಿರ ಏನಿದೆ ಸಾಕ್ಷಿ?

ಸಫಾರಿ? ‘ಪ್ರೈವೇಟ್ ಸಫಾರಿ ಅಂದ್ರೆ ಪ್ರೈವೇಟ್ ಗಾಡೀಲಿ ಹೋಗೋದು ಅಂತ ಸರ್.’ ಇದನ್ನು ಓದಿ ಎರಡು ನಿಮಿಷ ಸುಮ್ಮನೆ ಕೂತೆ. ಕಾಡಿನ ವಾಸ? ‘ಕಾಡಿನ ಫೀಲ್ ಇತ್ತಲ್ಲ ಸರ್.’

ವರಟೆಯನ್ನು ಹೆಬ್ಬಾತು ಅಂತ ತೋರಿಸಿದ್ದು? ಅದಕ್ಕೆ ಬಂದ ಉತ್ತರ ಓದಿದಾಗ ಫೋನ್ ಎಸೆಯುವಷ್ಟು ಸಿಟ್ಟು ಬಂತು. ‘ನಿಮ್ಮ ಫಾದರ್‌ಗೆ ಕಣ್ಣು ಸರಿಯಾಗಿ ಕಾಣಲ್ಲ ಅಂತ ನೀವೇ ಹೇಳಿದ್ರಂತೆ ಸರ್.’ ಹುಡುಗ ಅದೊಂದನ್ನು ಮಾತ್ರ ಸರಿಯಾಗಿ ಗಮನಿಸಿದ್ದ. ಉತ್ತರ ಕೊಡೋಕೆ ಆಗಲಿಲ್ಲ ನನಗೆ. ಹೇಳಿದ್ದು ನಾನೇ.

ಕೊನೆಗೆ, ‘ಉಳಿದವರೆಲ್ಲ ಹ್ಯಾಪಿ, ನೀವೊಬ್ಬರೇ ಸರ್. ದಾಂಡೇಲಿ ಟ್ರಿಪ್‌ನಲ್ಲಿ 10 ಪರ್ಸೆಂಟ್ ಕಡಿಮೆ ಮಾಡ್ತೀನಿ’ ಅಂದ. ಬೇಡ, ದುಡ್ಡು ವಾಪಸ್ ಕೊಡಿ ಅಂದೆ. ವಾಟ್ಸಾಪ್ ಗುಂಪಿನಿಂದ ನನ್ನನ್ನು ತೆಗೆದುಹಾಕಿದ.

ಹುಲಿ ಕಾಣಲಿಲ್ಲ ಅಂತ ನಾನು ಅಳುತ್ತಿಲ್ಲ, ದಯವಿಟ್ಟು ಅರ್ಥ ಮಾಡಿಕೊಳ್ಳಿ. ಕಾಡಿಗೆ ಹೋದರೆ ಕಾಣಬಹುದು, ಕಾಣದೇ ಇರಬಹುದು, ಅಷ್ಟು ಬುದ್ಧಿ ನನಗೂ ಇದೆ. ಇವನು ಮಾರಿದ್ದು ಕಾಣುವ ಸಾಧ್ಯತೆಯೇ ಇಲ್ಲದ್ದನ್ನು. ಹೊರಟುಹೋದ ಹಕ್ಕಿ, ಬುಕ್ ಆಗದ ದೋಣಿ, ಬಸ್ ಓಡಾಡುವ ರಸ್ತೆ. ಗೊತ್ತಿಲ್ಲದವರು ಸಿಕ್ಕಿದ್ದೇವೆ, ಮಾರಿದ್ದಾನೆ.

ನೀವು ಹೋಗುವುದಾದರೆ ‘ಗ್ಯಾರಂಟಿ’ ಅನ್ನುವವನನ್ನು ಅಲ್ಲೇ ಬಿಡಿ. ಸಫಾರಿ ಇದೆ ಅಂದರೆ ಟಿಕೆಟ್ ನಂಬರ್ ಕೇಳಿ, ದುಡ್ಡು ಹಾಕುವ ಮುಂಚೆ. ಫೋನಲ್ಲಿ ಹೇಳಿದ್ದನ್ನು ಮೆಸೇಜಿನಲ್ಲಿ ಬರೆಸಿಕೊಳ್ಳಿ. ಹೆಬ್ಬಾತಿಗೆ ಡಿಸೆಂಬರ್, ಜನವರಿಯಲ್ಲಿ ಹೋಗಿ, ಆ ಕೆರೆಗೆ ಯಾವ ಪ್ಯಾಕೇಜೂ ಬೇಡ. ಮತ್ತೆ, ಜೊತೆಯಲ್ಲಿರುವ ಹಿರಿಯರು ಏನೋ ಸರಿಯಿಲ್ಲ ಅಂದರೆ ಬಾಯಿ ಮುಚ್ಚಿಕೊಂಡು ಕೇಳಿ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ದೂರಿನ ನಂಬರ್ ಬಂದಿದೆ, ಸದ್ಯಕ್ಕೆ ಅಷ್ಟೇ.

ರಾತ್ರಿಯೇ ಭಾವಮೈದನಿಗೆ ಎಲ್ಲ ಹೇಳಿದೆ. ಅವನು ನಂಬಲಿಲ್ಲ, ಬೆಳಗ್ಗೆ ತಾನೇ ಆರ್ಗನೈಸರ್‌ಗೆ ಫೋನ್ ಮಾಡಿ, ಮೇ ಕೊನೆಗೂ ಹೆಬ್ಬಾತು ಇರ್ತವಾ ಅಂತ ಕೇಳಿದನಂತೆ.

‘ಲಾಸ್ಟ್ ವೀಕ್ ಕೂಡ 200 ಇದ್ದವು ಸರ್’ ಅಂದನಂತೆ.